ಮೊದಲ ಸುತ್ತಿನಲ್ಲೇ ಮಾಡಿದ ಸಾಲ

ಪೊಲೀಸ್ ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ನಾವು ಹುಡುಗರು 1600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಿ ಮುಗಿಸಬೇಕು. ನಾನು 22 ಸೆಕೆಂಡ್ ತಡವಾದೆ. ಲಿಖಿತ ಪರೀಕ್ಷೆ ಪಾಸಾಗಿ ಓಟದಲ್ಲಿ ಹೊರಬಿದ್ದವನು, ಹೊಳಲ್ಕೆರೆ ಹತ್ತಿರದ ನಮ್ಮೂರಿನ ಬಸ್ಸು ಹತ್ತಿದ ಮೇಲೂ ಅಪ್ಪನಿಗೆ ಫೋನ್ ಮಾಡುವ ಧೈರ್ಯ ಬರಲಿಲ್ಲ.

ತಪ್ಪು ನನ್ನದೇ. ನಾಲ್ಕು ಸುತ್ತಿನ ಓಟ, ಸುತ್ತಿಗೆ 97 ಸೆಕೆಂಡ್ ತಗೊಂಡರೂ ಸಾಕಿತ್ತು. ನಾನು ಎಲ್ಲರ ಮುಂದೆ ಹಾರಿ ಮೊದಲ ಸುತ್ತನ್ನು 70ಕ್ಕೇ ಮುಗಿಸಿದ್ದೆ. ಮೂರನೇ ಸುತ್ತಿಗೆ ತೊಡೆ ಕಲ್ಲಾಯಿತು.

ಕಾರಣ ಸಿಕ್ಕಿದ್ದು ತಂಗಿಯ ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ. ಉಸಿರಾಟದ ಪಾಠವನ್ನು ನಾನೂ ಉರು ಹೊಡೆದು ಅಂಕ ತಗೊಂಡವನೇ! ಜೀವಕೋಶ ಖರ್ಚು ಮಾಡುವುದು ಎಟಿಪಿ ಎಂಬ ಅಣುವನ್ನು. ರಾಗಿಮುದ್ದೆ ತಿನ್ನಿ, ಶೇಂಗಾ ತಿನ್ನಿ, ಕೊನೆಗೆ ಅದು ಈ ಚಿಲ್ಲರೆಯಾಗಿ ಬದಲಾಗಬೇಕು. ಸ್ನಾಯುವಿನಲ್ಲಿ ಸಿದ್ಧವಿರುವ ದಾಸ್ತಾನು ಕೆಲವೇ ಸೆಕೆಂಡಿನದು. ಆಮೇಲೆ ಎರಡು ದಾರಿ. ಆಮ್ಲಜನಕವಿಲ್ಲದೆ ಗ್ಲುಕೋಸನ್ನು ಅರ್ಧಂಬರ್ಧ ಒಡೆಯುವುದು ಬೇಗ ಆಗುತ್ತದೆ, ಆದರೆ ಒಂದು ಗ್ಲುಕೋಸಿಗೆ ಸಿಗುವುದು ಎರಡೇ ಎಟಿಪಿ. ಮೈಟೊಕಾಂಡ್ರಿಯಾದಲ್ಲಿ ಆಮ್ಲಜನಕದೊಂದಿಗೆ ಪೂರ್ತಿ ಉರಿಸಿದರೆ ಸುಮಾರು 30. (ನನ್ನ ನೋಟ್ಸಿನಲ್ಲಿ 38 ಎಂದಿತ್ತು, ಅದು ಹಳೆಯ ಲೆಕ್ಕ.) ಆದರೆ ಈ ಒಲೆ ಚೆನ್ನಾಗಿ ಹೊತ್ತಿಕೊಳ್ಳಲು ಒಂದೆರಡು ನಿಮಿಷ ಬೇಕು. ನಾನು ಅಷ್ಟೂ ಕಾಯದೆ ಮೊದಲ ದಾರಿಯಲ್ಲೇ ಸಾಲ ಎತ್ತಿದ್ದೆ. ಸ್ನಾಯುವಿನಲ್ಲಿ ಆಮ್ಲೀಯತೆ ಏರಿತು, ಕಾಲು ಮಾತು ಕೇಳಲಿಲ್ಲ.

ನನಗೆ ತುಂಬ ಹಿಡಿಸಿದ್ದು ಎಟಿಪಿ ತಯಾರಿಸುವ ಕಿಣ್ವ. ಅದು ನಿಜವಾಗಿಯೂ ತಿರುಗುತ್ತದೆ, ಜೋಗಿಮಟ್ಟಿಯ ಗಾಳಿಯಂತ್ರದ ಹಾಗೆ. ಗಾಳಿಯ ಬದಲು ಅಲ್ಲಿ ಪ್ರೋಟಾನುಗಳ ಹರಿವು. ಅದರ ಕೆಲಸವನ್ನು ಬಿಡಿಸಿ ಹೇಳಿದ ಪಾಲ್ ಬಾಯರ್ ಮತ್ತು ಜಾನ್ ವಾಕರ್ 1997ರಲ್ಲಿ ನೊಬೆಲ್ ಪಡೆದರು. ಎಟಿಪಿಯನ್ನೇ ಮೊದಲು ಗುರುತಿಸಿದವರಲ್ಲಿ ಒಬ್ಬರು ನಮ್ಮ ಪಕ್ಕದ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1929ರಲ್ಲಿ ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕ್ ಜೊತೆ ಆ ಕೆಲಸ ಮಾಡಿದರು. ಮೆಟ್ರಿಕ್ ಪಾಸಾಗಲು ಅವರಿಗೆ ಮೂರು ಸಲ ಬೇಕಾಯಿತಂತೆ. ಅದನ್ನು ಓದಿದ ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಈಗ ಚಿತ್ರದುರ್ಗದಲ್ಲಿ ರೂಮು ಮಾಡಿದ್ದೇನೆ. ಬೆಳಿಗ್ಗೆ ಐದಕ್ಕೆ ಒನಕೆ ಓಬವ್ವ ಕ್ರೀಡಾಂಗಣ. ಜೊತೆಗೆ ಹಿರಿಯೂರಿನವನೊಬ್ಬ, ಹೊಸದುರ್ಗದವನೊಬ್ಬ. ಮಾರನೇ ದಿನದ ಮೈಕೈ ನೋವಿಗೆಲ್ಲ ಹಿರಿಯೂರಿನವನು ಲ್ಯಾಕ್ಟಿಕ್ ಆಮ್ಲವನ್ನೇ ಬೈಯುತ್ತಾನೆ. "ಲೇ, ಅದು ಓಟ ಮುಗಿದ ಒಂದೆರಡು ಗಂಟೆಯಲ್ಲೇ ಖಾಲಿಯಾಗುತ್ತೆ ಕಣೋ, ಹೃದಯವೇ ಅದನ್ನು ಉರುವಲು ಮಾಡ್ಕೊಳ್ಳುತ್ತೆ. ನೋವು ಬರೋದು ಸ್ನಾಯುವಿನ ಎಳೆ ಹರಿದು" ಎಂದರೆ ನಂಬುವುದಿಲ್ಲ.

ಮೊದಲೆರಡು ವಾರ ನಿಧಾನ ಓಡುವುದೇ ನನಗೆ ಕಷ್ಟವಾಗಿತ್ತು. ಪಕ್ಕದವರು ದಾಟಿ ಹೋದಾಗ ಮೈ ಉರಿಯುತ್ತಿತ್ತು. ಆದರೆ ವಾರಗಟ್ಟಲೆ ಓಡಿದರೆ ಸ್ನಾಯುವಿನಲ್ಲಿ ಮೈಟೊಕಾಂಡ್ರಿಯಾಗಳೇ ಹೆಚ್ಚುತ್ತವೆ ಎಂದು ಓದಿದ್ದೆನಲ್ಲ, ವಾಚು ನೋಡಿಕೊಂಡು 97ಕ್ಕೇ ಅಂಟಿಕೊಂಡೆ.

ಕಳೆದ ಭಾನುವಾರ 6 ನಿಮಿಷ 34 ಸೆಕೆಂಡ್ ಬಂತು. ಇನ್ನು ನಾಲ್ಕು ಸೆಕೆಂಡ್ ಬಾಕಿ.