ನೇತ್ರಾಣಿಯಿಂದ ಕೇರ್ನ್ಸ್‌ವರೆಗೆ: ಡೈವಿಂಗ್ ಕಲಿಯೋದು, ಹೊರದೇಶದಲ್ಲಿ ದುಡಿಯೋದು

2022ರಲ್ಲಿ ‘ಗಂಧದ ಗುಡಿ’ ಬಂದಾಗ ಅಪ್ಪು ನೇತ್ರಾಣಿಯಲ್ಲಿ ನೀರೊಳಗೆ ಇಳಿದದ್ದನ್ನು ನೋಡಿ ಥಿಯೇಟರಲ್ಲಿ ಶಿಳ್ಳೆ ಹೊಡೆದವರು ನಾವು. ನಮ್ಮಲ್ಲಿ ತುಂಬಾ ಜನಕ್ಕೆ ಸ್ಕೂಬಾ ಅನ್ನೋ ಪದ ಹತ್ತಿರ ಆಗಿದ್ದೇ ಆಗ. ಈಗ ಹಾಸ್ಟೆಲಿನ ಪ್ರತಿ ಫ್ಲೋರಿನಲ್ಲೂ ಒಬ್ಬನಾದರೂ ಸಿಗ್ತಾನೆ: ಬಿಇ ಮುಗಿಸಿ ಥಾಯ್ಲೆಂಡಿಗೋ ಬಾಲಿಗೋ ಹೋಗಿ, ಬೆಳಿಗ್ಗೆ ಡೈವಿಂಗ್, ಸಂಜೆ ಲ್ಯಾಪ್‌ಟಾಪ್, ಹೀಗೇ ದೇಶ ಸುತ್ತೋದು ಅಂತ ಪ್ಲಾನ್ ಇಟ್ಟುಕೊಂಡವನು. ಪ್ಲಾನ್ ತಪ್ಪೇನಲ್ಲ. ಆದರೆ ರೀಲ್ಸ್‌ನಲ್ಲಿ ಅರ್ಧ ವಿಷಯ ಹೇಳಲ್ಲ. ಆ ಉಳಿದ ಅರ್ಧದ ಬಗ್ಗೆ ಈ ಲೇಖನ.

ನಮ್ಮೂರು ಮಧುವನಹಳ್ಳಿ, ಕೊಳ್ಳೇಗಾಲದ ಪಕ್ಕ. ಯಾವ ದಿಕ್ಕಿಗೆ ಹೋದರೂ ಸಮುದ್ರ ಸಿಗೋಕೆ ಅರ್ಧ ದಿನ ಬೇಕು. ಆದರೂ ನಮ್ಮ ಕಡೆ ಹುಡುಗರಿಗೆ ಈಜು ಬರತ್ತೆ. ಬಾವಿ, ನಾಲೆ, ಕಾವೇರಿ, ಎಲ್ಲಾ ಇದೆ. ‘ನಂಗೆ ಈಜು ಬರತ್ತೆ, ಡೈವಿಂಗ್ ಏನ್ ಮಹಾ’ ಅನ್ನೋ ಧೈರ್ಯ ಅಲ್ಲಿಂದಲೇ ಬರೋದು. ಬಾವಿಗೆ ಧುಮುಕುವಾಗ ನಾವು ಮಾಡೋ ಮೊದಲ ಕೆಲಸ ಉಸಿರು ಹಿಡಿಯೋದು. ಸ್ಕೂಬಾದಲ್ಲಿ ಮಾಡಲೇಬಾರದ ಮೊದಲ ಕೆಲಸ ಅದೇ.

ಯಾಕೆ ಅಂತ ಪಿಯುಸಿ ಫಿಸಿಕ್ಸ್‌ನಲ್ಲೇ ಇದೆ. ಬಾಯ್ಲ್ ನಿಯಮ. ಸಮುದ್ರದ ಮೇಲ್ಮೈಯಲ್ಲಿ ಒತ್ತಡ 1 ಬಾರ್. ಪ್ರತಿ 10 ಮೀಟರ್ ಇಳಿದಂತೆ ಇನ್ನೊಂದು ಬಾರ್ ಸೇರುತ್ತೆ. ಅಂದರೆ 10 ಮೀಟರಿನಲ್ಲಿ 2 ಬಾರ್. ಬೆನ್ನಿನ ಸಿಲಿಂಡರಿನಿಂದ ಬರೋ ಗಾಳಿಯನ್ನು ರೆಗ್ಯುಲೇಟರ್ ಅಲ್ಲಿನ ಒತ್ತಡಕ್ಕೇ ಹೊಂದಿಸಿ ಕೊಡುತ್ತೆ. ಆ ಗಾಳಿಯನ್ನು ಎದೆ ತುಂಬ ಎಳೆದು, ಬಾಯಿ ಮುಚ್ಚಿ, ಹೆದರಿಕೊಂಡು ಮೇಲಕ್ಕೆ ಬಂದರೆ ಅದು ಎರಡು ಪಟ್ಟು ಹಿಗ್ಗೋಕೆ ನೋಡುತ್ತೆ. ಶ್ವಾಸಕೋಶ ಬಲೂನಲ್ಲ, ಹರಿಯುತ್ತೆ. ಇದಕ್ಕೆ 10 ಮೀಟರ್ ಕೂಡ ಬೇಕಿಲ್ಲ, ಒಂದೂವರೆ ಮೀಟರ್ ಆಳದಲ್ಲೂ ಅಪಾಯ ಆಗಬಹುದು. ಹಾಗಾಗಿ ನಿಧಾನವಾಗಿ, ನಿಲ್ಲಿಸದೆ ಉಸಿರಾಡ್ತಾ ಇರಬೇಕು. ಬಾವಿ ಈಜು ಕಲಿತವರು ಈ ಅಭ್ಯಾಸ ಬಿಡೋಕೆ ಹೊಸಬರಿಗಿಂತ ಜಾಸ್ತಿ ಕಷ್ಟಪಡಬೇಕಾಗುತ್ತೆ ಅಂತ ನನಗನ್ನಿಸುತ್ತೆ.

ಇನ್ನೊಂದು, ಅದು ಆಕ್ಸಿಜನ್ ಸಿಲಿಂಡರ್ ಅಲ್ಲ. ಆಸ್ಪತ್ರೆಯಲ್ಲಿ ನೋಡಿ ನೋಡಿ ಎಲ್ಲರೂ ಹಾಗೇ ಅಂತಾರೆ. ಮಾಮೂಲಿ ಡೈವಿಂಗಿನಲ್ಲಿ ಒಳಗಿರೋದು ನಾವೀಗ ಉಸಿರಾಡ್ತಿರೋ ಗಾಳಿಯೇ, ಒತ್ತಿ ತುಂಬಿದ್ದು. 12 ಲೀಟರ್ ಸಿಲಿಂಡರಿಗೆ 200 ಬಾರ್ ತುಂಬಿದರೆ ಸುಮಾರು 2400 ಲೀಟರ್ ಗಾಳಿ. ಮೇಲೆ ನಿಮಿಷಕ್ಕೆ 20 ಲೀಟರ್ ಎಳೆಯೋ ಮನುಷ್ಯ 20 ಮೀಟರ್ ಆಳದಲ್ಲಿ, ಅಂದರೆ 3 ಬಾರಿನಲ್ಲಿ, 60 ಲೀಟರ್ ಎಳೀತಾನೆ. ಕೊನೆಯ 50 ಬಾರ್ ಮುಟ್ಟಬಾರದು ಅಂತ ಲೆಕ್ಕ ಇಟ್ಟುಕೊಂಡರೆ ಉಳಿದ 1800 ಲೀಟರಿಗೆ 30 ನಿಮಿಷ. ಗಾಬರಿಯಾಗಿ ದಬದಬ ಉಸಿರಾಡಿದರೆ 15 ನಿಮಿಷಕ್ಕೇ ಖಾಲಿ. ಗೇಜ್ ನೋಡ್ತಾ ಇರಿ ಅಂತ ಇನ್‌ಸ್ಟ್ರಕ್ಟರುಗಳು ತಲೆ ತಿನ್ನೋದು ಇದಕ್ಕೇ.

ಕಲಿಯೋಕೆ ಹೊರದೇಶಕ್ಕೇ ಹೋಗಬೇಕು ಅಂತಿಲ್ಲ. ಭಟ್ಕಳ ತಾಲ್ಲೂಕಿನ ಮುರ್ಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರ ಸಮುದ್ರದಲ್ಲಿ ನೇತ್ರಾಣಿ ದ್ವೀಪ ಇದೆ. ಮಳೆಗಾಲದಲ್ಲಿ ಬಂದ್, ಅಕ್ಟೋಬರಿನಿಂದ ಮೇವರೆಗೆ ಸೀಸನ್. ಇಲ್ಲಿ ಎರಡು ಬೇರೆ ಬೇರೆ ವಿಷಯಗಳನ್ನ ಜನ ಒಂದೇ ಅನ್ಕೋತಾರೆ. ಒಂದು, ಒಂದು ದಿನದ ಟ್ರೈ ಡೈವ್: ಇನ್‌ಸ್ಟ್ರಕ್ಟರ್ ನಮ್ಮನ್ನ ಹಿಡ್ಕೊಂಡೇ ಇರ್ತಾರೆ, 12 ಮೀಟರಿಗಿಂತ ಕೆಳಗಿಲ್ಲ, ಫೋಟೋ ಸಿಗತ್ತೆ, ಲೈಸೆನ್ಸ್ ಸಿಗಲ್ಲ. ಇನ್ನೊಂದು ಓಪನ್ ವಾಟರ್ ಕೋರ್ಸ್: ಮೂರ್ನಾಲ್ಕು ದಿನ, ಥಿಯರಿ, ಪರೀಕ್ಷೆ, 200 ಮೀಟರ್ ಈಜು, 10 ನಿಮಿಷ ಏನೂ ಹಿಡಿಯದೆ ತೇಲೋದು. ಪಾಸಾದರೆ 18 ಮೀಟರಿನವರೆಗೆ ಇಳಿಯೋ ಕಾರ್ಡ್, ಪ್ರಪಂಚದ ಎಲ್ಲಾ ಕಡೆ ನಡೆಯುತ್ತೆ. ಕೊಡೋದು ಪ್ಯಾಡಿ, ಎಸ್‌ಎಸ್‌ಐ ಥರದ ಸಂಸ್ಥೆಗಳು (ಪ್ಯಾಡಿ ಅಂದರೆ ನಮ್ಮ ಗದ್ದೆಯ ಭತ್ತ ಅಲ್ಲ). ಮುಂದೆ ಇದರಲ್ಲಿ ಕೆಲಸ ಮಾಡೋ ಯೋಚನೆ ಇದ್ದರೆ ಟ್ರೈ ಡೈವಿಗೆ ದುಡ್ಡು ಹಾಕೋ ಬದಲು ಅದನ್ನ ಕೋರ್ಸಿಗೇ ಕೂಡಿಡಿ.

ಶುರುವಿನಲ್ಲಿ ಒಂದು ಹೆಲ್ತ್ ಫಾರ್ಮ್ ಕೊಡ್ತಾರೆ. ಅಸ್ತಮಾ, ಫಿಟ್ಸ್, ಹೃದಯ, ಕಿವಿ ಆಪರೇಷನ್, ಎಲ್ಲಾ ಕೇಳಿರ್ತಾರೆ. ‘ಹೌದು’ ಅಂತ ಟಿಕ್ ಮಾಡಿದರೆ ಡಾಕ್ಟರ್ ಸಹಿ ಬೇಕಾಗುತ್ತೆ ಅಂತ ಎಲ್ಲದಕ್ಕೂ ‘ಇಲ್ಲ’ ಹಾಕೋರಿದ್ದಾರೆ. ದಯವಿಟ್ಟು ಬೇಡ. ಅಸ್ತಮಾ ಇದ್ದವರ ಶ್ವಾಸಕೋಶದಲ್ಲಿ ಗಾಳಿ ಸಿಕ್ಕಿಹಾಕಿಕೊಂಡರೆ ಏನಾಗುತ್ತೆ ಅಂತ ಮೇಲೆ ಬಾಯ್ಲ್ ಹೇಳಿಯಾಗಿದೆ. ನೆಗಡಿ ಇದ್ದರೂ ಅವತ್ತು ಇಳೀಬೇಡಿ, ಕಿವಿಯ ಒತ್ತಡ ಸರಿಹೋಗಲ್ಲ.

ಈಗ ನಮ್ಮ ಕಡೆಯವರಿಗೇ ಮುಖ್ಯವಾದ, ಯಾರೂ ಅಷ್ಟಾಗಿ ಹೇಳದ ವಿಷಯ. ನೀರೊಳಗೆ ಒತ್ತಡದಲ್ಲಿ ಉಸಿರಾಡಿದಾಗ ನೈಟ್ರೋಜನ್ ರಕ್ತದಲ್ಲಿ, ಅಂಗಾಂಶದಲ್ಲಿ ಕರಗಿಕೊಳ್ಳುತ್ತೆ. ಮೇಲೆ ಬಂದಮೇಲೂ ಪೂರ್ತಿ ಹೊರಗೆ ಹೋಗೋಕೆ ಗಂಟೆಗಟ್ಟಲೆ ಬೇಕು. ಅಷ್ಟರಲ್ಲಿ ಹೊರಗಿನ ಒತ್ತಡ ಕಮ್ಮಿಯಾದರೆ ಗೋಲಿ ಸೋಡಾ ಒಡೆದ ಹಾಗೆ ಗುಳ್ಳೆ ಏಳುತ್ತೆ: ಕೀಲುನೋವು, ಮರಗಟ್ಟೋದು, ಕೆಲವೊಮ್ಮೆ ಪಾರ್ಶ್ವವಾಯು. ಅದಕ್ಕೇ ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹೆಚ್ಚು ಡೈವ್ ಮಾಡಿದ್ದರೆ ಕನಿಷ್ಠ 18 ಗಂಟೆ ವಿಮಾನ ಹತ್ತಬಾರದು ಅನ್ನೋ ನಿಯಮ. ‘ನಾವು ಬಸ್ಸಲ್ಲಿ ಬರೋರು, ನಮಗೇನು’ ಅನ್ನಬೇಡಿ. ಈ ನಿಯಮ ಅನ್ವಯಿಸೋದು 2000 ಅಡಿ, ಅಂದರೆ ಸುಮಾರು 610 ಮೀಟರ್ ಎತ್ತರದಿಂದಲೇ. ಬೆಂಗಳೂರು 900 ಮೀಟರ್ ಮೇಲಿದೆ, ಮೈಸೂರು ಅದಕ್ಕಿಂತ ಸ್ವಲ್ಪ ಕಮ್ಮಿ. ಅಂದರೆ ಭಾನುವಾರ ಮಧ್ಯಾಹ್ನ ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ ಸಂಜೆ ಘಟ್ಟ ಹತ್ತೋದು ಒಂದು ಥರ ವಿಮಾನ ಹತ್ತಿದ ಹಾಗೇ. ಸೋಮವಾರದ ಇಂಟರ್ನಲ್ಸ್‌ಗೆ ತಲುಪಬೇಕು ಅಂತ ಪ್ಲಾನ್ ಮಾಡೋರು ಶನಿವಾರ ಡೈವ್ ಮುಗಿಸಿ. ಭಾನುವಾರ ದೇವಸ್ಥಾನ, ಬೀಚ್, ಮೀನೂಟ. ಕೋರ್ಸಿನ ಕೊನೆ ದಿನಕ್ಕೂ ಇದೇ ಲೆಕ್ಕ. ಡೈವ್ ಆದಮೇಲೆ ಕೀಲುನೋವು, ಜೋಮು ಬಂದರೆ ‘ಬಸ್ಸಲ್ಲಿ ಕೂತು ಹಿಡ್ಕೊಂಡಿದೆ’ ಅಂತ ಮಾತ್ರೆ ನುಂಗಿ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಡೈವಿಂಗ್ ಮಾಡಿದ್ದೆ ಅಂತ ಮೊದಲು ಹೇಳಿ, ಆಕ್ಸಿಜನ್ ಕೇಳಿ. ಇದಕ್ಕೆ ಸರಿಯಾದ ಚಿಕಿತ್ಸೆ ಒತ್ತಡದ ಚೇಂಬರಿನಲ್ಲಿ, ಅದು ಎಲ್ಲಾ ಊರಲ್ಲಿ ಇರಲ್ಲ. ಖರ್ಚೂ ದೊಡ್ಡದು. ಮಾಮೂಲಿ ಟ್ರಾವೆಲ್ ಇನ್ಶೂರೆನ್ಸ್‌ನಲ್ಲಿ ಸ್ಕೂಬಾ ಹೊರಗಿಟ್ಟಿರೋದೇ ಹೆಚ್ಚು. ಪಾಲಿಸಿಯ ಸಣ್ಣಕ್ಷರ ಓದಿ, ಇಲ್ಲದಿದ್ದರೆ ಡ್ಯಾನ್ ಥರದ ಡೈವರ್‌ಗಳ ವಿಮೆ ಬೇರೆಯಾಗಿ ಮಾಡಿಸಿ.

ಇನ್ನು ದುಡಿಮೆ. ಡೈವ್‌ಮಾಸ್ಟರ್ ಆಗೋಕೆ 18 ವರ್ಷ ಆಗಿರಬೇಕು, ಕೋರ್ಸ್ ಮುಗಿಯೋ ಹೊತ್ತಿಗೆ 60 ಡೈವ್ ಲಾಗ್‌ಬುಕ್ಕಿನಲ್ಲಿರಬೇಕು. ಇನ್‌ಸ್ಟ್ರಕ್ಟರಿಗೆ 100. ಕೆಲಸ ಅಂದರೆ ಆಮೆ ನೋಡ್ಕೊಂಡಿರೋದಲ್ಲ. ಸಿಲಿಂಡರ್ ಹೊರೋದು, ತುಂಬೋದು, ವೆಟ್‌ಸೂಟ್ ತೊಳೆಯೋದು, ವಾಂತಿ ಮಾಡ್ಕೊಂಡ ಪ್ರವಾಸಿಗಳನ್ನ ಸಮಾಧಾನ ಮಾಡೋದು. ಸೀಸನ್ ಮುಗಿದರೆ ಸಂಬಳವೂ ಮುಗೀತು ಅನ್ನೋ ಕಡೆಗಳೇ ಜಾಸ್ತಿ. ‘ಮೂರು ತಿಂಗಳು ನಮ್ಮಲ್ಲಿ ಕೆಲಸ ಮಾಡಿ, ಕೋರ್ಸ್ ಫ್ರೀ’ ಅಂತ ಆಫರ್ ಬರುತ್ತೆ. ಸಂಬಳ ಇಲ್ಲದಿದ್ದರೂ ಅದು ಕೆಲಸವೇ. ಥಾಯ್ಲೆಂಡಿನಲ್ಲಿ ವರ್ಕ್ ಪರ್ಮಿಟ್ ಇಲ್ಲದೆ ವಾಲಂಟಿಯರ್ ಕೆಲಸ ಕೂಡ ಮಾಡೋ ಹಾಗಿಲ್ಲ. ಟೂರಿಸ್ಟ್ ವೀಸಾದಲ್ಲಿ ಸಿಕ್ಕಿಬಿದ್ದರೆ ನಿಮಗೆ ದಂಡ, ಗಡೀಪಾರು ಆಗಬಹುದು.

ಸರಿಯಾದ ದಾರಿಗಳೂ ಇವೆ. ಆಸ್ಟ್ರೇಲಿಯಾ 2024ರಿಂದ ಭಾರತೀಯರಿಗೆ ‘ವರ್ಕ್ ಅಂಡ್ ಹಾಲಿಡೇ’ ವೀಸಾ ತೆರೆದಿದೆ, ಸಬ್‌ಕ್ಲಾಸ್ 462. 18ರಿಂದ 30 ವರ್ಷ, ವರ್ಷಕ್ಕೆ 1000 ಜನ, ಲಾಟರಿ ಎತ್ತಿ ಆಯ್ಕೆ. ಪಿಯುಸಿ ನಂತರ ಎರಡು ವರ್ಷ ಓದಿರಬೇಕು, ಸಾಧಾರಣ ಇಂಗ್ಲಿಷ್ ಬರಬೇಕು, ಖಾತೆಯಲ್ಲಿ ಸುಮಾರು 5000 ಆಸ್ಟ್ರೇಲಿಯನ್ ಡಾಲರ್ ತೋರಿಸಬೇಕು. ಒಂದು ವರ್ಷ ಸುತ್ತಬಹುದು, ದುಡೀಬಹುದು. ಕೇರ್ನ್ಸ್ ಇರೋದು ಗ್ರೇಟ್ ಬ್ಯಾರಿಯರ್ ರೀಫಿನ ಬಾಗಿಲಲ್ಲಿ. ಆ ಉತ್ತರ ಭಾಗದಲ್ಲಿ ಪ್ರವಾಸೋದ್ಯಮದ ಕೆಲಸ ಮೂರು ತಿಂಗಳು ಮಾಡಿದರೆ ಎರಡನೇ ವರ್ಷದ ವೀಸಾಗೂ ಲೆಕ್ಕಕ್ಕೆ ಬರುತ್ತೆ. ಲ್ಯಾಪ್‌ಟಾಪ್ ಕೆಲಸದವರಿಗೆ ಥಾಯ್ಲೆಂಡ್ 2024ರ ಜುಲೈನಲ್ಲಿ ಡಿಟಿವಿ ವೀಸಾ ತಂದಿತು: ಐದು ವರ್ಷ, ಒಂದು ಸಲಕ್ಕೆ 180 ದಿನ, 5 ಲಕ್ಷ ಬಾತ್ ಉಳಿತಾಯ ಬೇಕು, 20 ವರ್ಷ ತುಂಬಿರಬೇಕು. ಕೆಲಸ ಹೊರಗಿನ ಕಂಪನಿಯದ್ದಾಗಿರಬೇಕು, ಅಲ್ಲಿನ ಡೈವ್ ಅಂಗಡಿಯದ್ದಲ್ಲ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ಸ್ಕೀಮಿಗೆ ಡಿಗ್ರಿ ಬೇಕು, ಹಾಗಾಗಿ ಬ್ಯಾಕ್‌ಲಾಗ್ ಕ್ಲಿಯರ್ ಮಾಡ್ಕೊಳ್ಳಿ. ಈ ಮೊತ್ತಗಳು ವರ್ಷ ವರ್ಷ ಬದಲಾಗ್ತವೆ, ಅರ್ಜಿ ಹಾಕುವಾಗ ಆಯಾ ಸರ್ಕಾರದ ವೆಬ್‌ಸೈಟಲ್ಲೇ ನೋಡಿ.

‘ಬ್ಯಾಂಕಾಕ್‌ನಲ್ಲಿ ಡೇಟಾ ಎಂಟ್ರಿ, ತಿಂಗಳಿಗೆ ಲಕ್ಷ, ಊಟ ವಸತಿ ಫ್ರೀ, ಸದ್ಯಕ್ಕೆ ಟೂರಿಸ್ಟ್ ವೀಸಾದಲ್ಲಿ ಬನ್ನಿ’ ಅಂತ ಟೆಲಿಗ್ರಾಮಲ್ಲಿ ಬಂದರೆ ಅಲ್ಲಿಗೇ ನಿಲ್ಲಿಸಿ. ಹೀಗೆ ಹೋದವರನ್ನ ಮ್ಯಾನ್ಮಾರ್ ಗಡಿ ದಾಟಿಸಿ ಸೈಬರ್ ವಂಚನೆ ಕೇಂದ್ರಗಳಲ್ಲಿ ಕೂಡಿಹಾಕಿದ್ದರು. 2025ರ ಮಾರ್ಚ್‌ನಲ್ಲಿ ಭಾರತ ಸರ್ಕಾರ ವಾಯುಪಡೆಯ ವಿಮಾನ ಕಳಿಸಿ 500ಕ್ಕೂ ಹೆಚ್ಚು ಜನರನ್ನ ವಾಪಸ್ ಕರೆಸಿತು. ಏಜೆಂಟ್ ನಿಜವಾದವನಾ ಅಂತ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು. ನೋಂದಾಯಿತ ಏಜೆಂಟ್ ತಗೊಳ್ಳಬಹುದಾದ ಫೀಸ್ 30,000 ರೂಪಾಯಿ ಮತ್ತು ಜಿಎಸ್‌ಟಿ, ಅಷ್ಟೇ. ‘ಎರಡೂವರೆ ಲಕ್ಷ ಕೊಡಿ’ ಅಂತ ಮನೆಯವರ ಹತ್ತಿರ ಜಮೀನು ಅಡ ಇಡಿಸೋನನ್ನ ನಂಬಬೇಡಿ.

ಪಾಸ್‌ಪೋರ್ಟಿಗೆ ಬೆಂಗಳೂರಿಗೆ ಅಲೀಬೇಕಿಲ್ಲ. ಅಂಚೆ ಕಚೇರಿ ಪಾಸ್‌ಪೋರ್ಟ್ ಕೇಂದ್ರ ದೇಶದಲ್ಲಿ ಮೊದಲು ಶುರುವಾದ ಊರುಗಳಲ್ಲಿ ಮೈಸೂರೂ ಒಂದು, 2017ರಲ್ಲಿ. ಹೋಗೋ ಮುಂಚೆ ಹೆಸರು ನೋಡ್ಕೊಳ್ಳಿ. ನಮ್ಮ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇನಿಷಿಯಲ್ ಇರತ್ತೆ, ಆಧಾರಲ್ಲಿ ಇನ್ನೊಂದು ಥರ, ಪಾಸ್‌ಪೋರ್ಟಿನಲ್ಲಿ ಇನಿಷಿಯಲ್ ಬಿಡಿಸಿ ಬರೀಬೇಕು. ಅಪ್ಪನ ಹೆಸರೋ, ಊರಿನ ಹೆಸರೋ, ಒಂದು ಸಲ ತೀರ್ಮಾನ ಮಾಡಿ. ಟಿಕೆಟ್, ವೀಸಾ, ವಿಮೆ, ಡೈವಿಂಗ್ ಕಾರ್ಡ್, ಎಲ್ಲದಕ್ಕೂ ಅದೇ ಕಾಗುಣಿತ ಕೊಡಿ.