ಬಣ್ಣದ ಗುಟ್ಟು ಬಿಚ್ಚಿಡುವ ಉಣ್ಣೆಯ ಎಳೆ

ವಿಜಯಪುರದ ಸಿದ್ಧೇಶ್ವರ ಜಾತ್ರೆಗೆ ನಿಡೋಣಿಯಂಥ ಹಳ್ಳಿಯಿಂದ ಬರುವ ಮಕ್ಕಳ ಕಣ್ಣು ಮೊದಲು ಹೋಗುವುದೇ ಬಣ್ಣದ ತಿನಿಸುಗಳ ಕಡೆಗೆ. ಈ ಬಣ್ಣ ಎಲ್ಲಿಯದು? 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿಯ 171 ಮಾದರಿಗಳ ಪರೀಕ್ಷಾ ವರದಿ ಪ್ರಕಟಿಸಿತು. ಅವುಗಳಲ್ಲಿ 107 ಅಸುರಕ್ಷಿತವಾಗಿದ್ದವು. ಬಾಂಬೆ ಮಿಠಾಯಿಯ 25ರಲ್ಲಿ 15ರ ಗತಿಯೂ ಅದೇ. ಇವೆರಡರಲ್ಲೂ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಲಾಯಿತು.

ಇಂಥ ಬಣ್ಣಗಳನ್ನು ಪತ್ತೆಹಚ್ಚಲು ಪ್ರಯೋಗಾಲಯಗಳಲ್ಲಿ ಸರಳವಾದ ಒಂದು ವಿಧಾನವಿದೆ. ತಿನಿಸಿನ ಬಣ್ಣ ಕರಗಿದ ನೀರಿಗೆ ತುಸು ಆಮ್ಲ ಬೆರೆಸಿ, ಬಿಳಿ ಉಣ್ಣೆಯ ಎಳೆ ಹಾಕಿ ಕುದಿಸುತ್ತಾರೆ. ಟಾರ್ಟ್ರಜೀನ್, ಸನ್‌ಸೆಟ್ ಯೆಲ್ಲೊದಂಥ ಬಣ್ಣವಿದ್ದರೆ ಎಳೆ ಅದನ್ನು ಹೀರಿಕೊಳ್ಳುತ್ತದೆ; ತೊಳೆದರೂ ಬಿಡದು.

ಇದಕ್ಕೆ ಕಾರಣವೇನು? ಉಣ್ಣೆ ಒಂದು ಪ್ರೋಟೀನು. ಅದರಲ್ಲಿರುವ ಲೈಸೀನ್, ಆರ್ಜಿನೀನ್‌ನಂಥ ಅಮೈನೊ ಆಮ್ಲಗಳು ಹುಳಿ ದ್ರಾವಣದಲ್ಲಿ ಧನ ವಿದ್ಯುದಂಶ ಪಡೆಯುತ್ತವೆ. ಬಣ್ಣದ ಅಣುವಿನ ಸಲ್ಫೋನೇಟ್ ಗುಂಪುಗಳದ್ದು ಋಣ ವಿದ್ಯುದಂಶ. ಒಂದನ್ನೊಂದು ಸೆಳೆದು ಅಂಟಿಕೊಳ್ಳುತ್ತವೆ. ಅದೇ ಎಳೆಯನ್ನು ಅಮೋನಿಯಾದ ನೀರಿನಲ್ಲಿ ಕುದಿಸಿದರೆ ಧನ ವಿದ್ಯುದಂಶ ಅಳಿದು ಬಣ್ಣ ಬಿಟ್ಟುಕೊಡುತ್ತದೆ. ಹಾಗೆ ಬಿಟ್ಟ ಬಣ್ಣ ಯಾವುದೆಂಬುದನ್ನು ಕಾಗದದ ಕ್ರೊಮ್ಯಾಟೊಗ್ರಫಿಯಿಂದ ಗುರುತಿಸುತ್ತಾರೆ.

ಹಾಲಿನಲ್ಲಿ ಇದೇ ಕ್ರಿಯೆ ಇನ್ನೊಂದು ರೂಪ ತಳೆಯುತ್ತದೆ. ಉಣ್ಣೆ ನೀರಿನಲ್ಲಿ ಕರಗದು; ಹಾಲಿನ ಪ್ರೋಟೀನು ಮಾತ್ರ ನೀರಿನಲ್ಲಿ ಹರಡಿಕೊಂಡಿರುತ್ತದೆ. ಆಮ್ಲ ಬೆರೆಸಿದ ಆರೆಂಜ್-ಜಿ ಅಥವಾ ಅಮಿಡೊ ಬ್ಲ್ಯಾಕ್ ಎಂಬ ಬಣ್ಣವನ್ನು ಹಾಲಿಗೆ ಸೇರಿಸಿದರೆ, ಬಣ್ಣವೂ ಪ್ರೋಟೀನೂ ಕೂಡಿ ಪ್ರಕ್ಷೇಪವಾಗಿ ತಳಕ್ಕೆ ಇಳಿಯುತ್ತವೆ. ಪ್ರೋಟೀನು ಹೆಚ್ಚಿದ್ದಷ್ಟೂ ಮೇಲಿನ ದ್ರಾವಣದ ಬಣ್ಣ ತೆಳುವಾಗುತ್ತದೆ. ಉಳಿದ ಬಣ್ಣವನ್ನಳೆದು ಹಾಲಿನ ಪ್ರೋಟೀನನ್ನು ಲೆಕ್ಕಹಾಕುವ ಕ್ರಮ 1950ರ ದಶಕದಲ್ಲಿ ಬೆಳೆದು ಬಂತು.

ರೇಷ್ಮೆಯೂ ಪ್ರೋಟೀನು, ಹತ್ತಿ ಸೆಲ್ಯುಲೋಸ್. ಆದ್ದರಿಂದಲೇ ಇಳಕಲ್ ಸೀರೆಯ ರೇಷ್ಮೆ ಸೆರಗಿಗೆ ಗಟ್ಟಿಯಾಗಿ ಹಿಡಿಯುವ ಇಂಥ ಬಣ್ಣ ಹತ್ತಿಯ ಒಡಲಿಗೆ ಹಾಗೆ ಹಿಡಿಯದು.

ಎಲ್ಲ ಕೃತಕ ಬಣ್ಣವೂ ವಿಷವಲ್ಲ. ಟಾರ್ಟ್ರಜೀನ್‌ನಂಥವನ್ನು ಕೆಲವೇ ತಿನಿಸುಗಳಲ್ಲಿ, ಮಿತಿಯೊಳಗೆ ಬಳಸಲು ಕಾನೂನಿನ ಒಪ್ಪಿಗೆಯಿದೆ. ಆದರೆ ಬಟ್ಟೆಗೆ ಹಾಕುವ ರೋಡಮಿನ್-ಬಿ ಯಾವ ಆಹಾರದಲ್ಲೂ ಇರಕೂಡದು. ಕಣ್ಣು ಕುಕ್ಕುವ ಗುಲಾಬಿ ಮಿಠಾಯಿಗೆ ಮಗು ಹಟ ಹಿಡಿದಾಗ ಬಿಳಿಯದನ್ನೇ ಕೊಡಿಸಿ. ರುಚಿ ಇರುವುದು ಸಕ್ಕರೆಯಲ್ಲಿ, ಬಣ್ಣದಲ್ಲಲ್ಲ.