ಬುಕ್ಕರಾಯನ ಬೆಳಗೊಳ ಶಾಸನ: ಸಮಾನತೆಯ ಇತಿಹಾಸದ ಒಂದು ಪಾಠ

ಸಮಾನತೆಗಾಗಿ ನಡೆದ ಸಾಮಾಜಿಕ ಚಳವಳಿಗಳ ಇತಿಹಾಸವನ್ನು ಅಭ್ಯಾಸ ಮಾಡುವವರಿಗೆ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಆರೂವರೆ ಶತಮಾನಗಳ ಹಿಂದಿನ ದಾಖಲೆಯೊಂದಿದೆ. ಅದು ಭಂಡಾರಿ ಬಸದಿಯಲ್ಲಿರುವ, ವಿಜಯನಗರದ ಒಂದನೇ ಬುಕ್ಕರಾಯನ ಶಿಲಾಶಾಸನ. ಕಾಲ ಶಕವರ್ಷ 1290, ಕೀಲಕ ಸಂವತ್ಸರ, ಅಂದರೆ ಕ್ರಿ.ಶ. 1368. ಈ ಬಸದಿಯನ್ನು ಹೊಯ್ಸಳ ನರಸಿಂಹನ ಭಂಡಾರಿ ಹುಳ್ಳನು 1159ರಲ್ಲಿ ಕಟ್ಟಿಸಿದ್ದನು.

ಆ ಕಾಲದಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ವಿವಾದ ಉಂಟಾಯಿತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮುಂತಾದ ನಾಡುಗಳ ಭವ್ಯಜನರು, ಎಂದರೆ ಜೈನ ಸಮಾಜದವರು, ತಮಗಾಗುತ್ತಿದ್ದ ಅನ್ಯಾಯವನ್ನು ಅರಸನಲ್ಲಿ ಬಿನ್ನವಿಸಿಕೊಂಡರು. ಬುಕ್ಕರಾಯನು 18 ನಾಡಿನ ಶ್ರೀವೈಷ್ಣವರ ಸಮ್ಮುಖದಲ್ಲಿ ಜೈನರ ಕೈ ಹಿಡಿದು ಅವರ ಕೈಗೆ ಕೊಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪು ನೀಡಿದನು.

ತೀರ್ಪು ಬರೀ ಮಾತಿನಲ್ಲಿ ನಿಲ್ಲಲಿಲ್ಲ. ಪಂಚಮಹಾವಾದ್ಯ ಮತ್ತು ಕಲಶದ ಗೌರವ ಮೊದಲಿನಂತೆ ಜೈನರಿಗೆ ಸಲ್ಲಬೇಕು. ಜೈನ ದರ್ಶನಕ್ಕೆ ಹಾನಿಯಾದರೆ ಅದು ತಮಗೇ ಆದ ಹಾನಿಯೆಂದು ವೈಷ್ಣವರು ತಿಳಿಯಬೇಕು. ಈ ಶಾಸನವನ್ನು ರಾಜ್ಯದ ಎಲ್ಲ ಬಸದಿಗಳಲ್ಲೂ ಅವರೇ ಹಾಕಿಸಬೇಕು. ಜೈನರು ಮನೆಗೆ ವರ್ಷಕ್ಕೆ ಒಂದು ಹಣದಂತೆ ಕೊಡಬೇಕು. ಆ ಹಣದಿಂದ ತಿರುಮಲೆಯ ತಾತಯ್ಯನು ಬೆಳಗೊಳದ ದೇವರ ರಕ್ಷಣೆಗೆ 20 ಕಾವಲಿನವರನ್ನು ನೇಮಿಸಬೇಕು. ಉಳಿದ ಹಣ ಜೀರ್ಣ ಜಿನಾಲಯಗಳ ದುರಸ್ತಿಗೆ ಮತ್ತು ಸುಣ್ಣಕ್ಕೆ. ತಪ್ಪಿದವರು ರಾಜದ್ರೋಹಿಗಳು, ಸಂಘದ್ರೋಹಿಗಳು.

ಇಲ್ಲಿ ಗಮನಿಸಬೇಕಾದ್ದು ಲೆಕ್ಕಾಚಾರ. ಹಣ ಕೊಡುವವರು ಜೈನರು, ಕಾವಲಿನ ಹೊಣೆ ಎದುರು ಪಕ್ಷದವರದು. ಸಂಖ್ಯೆಯಲ್ಲಿ ಕಡಿಮೆ ಇದ್ದವರೇ ರಕ್ಷಣೆಯ ವೆಚ್ಚ ಭರಿಸಬೇಕಾಯಿತು. ಆದರೂ ಬಲಿಷ್ಠರ ಮೇಲೆ ಜವಾಬ್ದಾರಿ ಬಿತ್ತು. ಮುಂದೆ ಕಲ್ಲೆಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ ಅರಸನಿಗೆ ಬಿನ್ನಹ ಮಾಡಿ, ತಾತಯ್ಯನನ್ನು ಕರೆಸಿ ಜೀರ್ಣೋದ್ಧಾರ ಮಾಡಿಸಿದನು. ಎರಡೂ ಸಮಯದವರು ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ಆಜ್ಞೆ ಕಲ್ಲಿನ ಮೇಲೆ ಇದ್ದರೆ ಸಾಲದು, ಬೆನ್ನುಹತ್ತಿ ನಡೆಸುವವರೂ ಬೇಕೆಂಬುದಕ್ಕೆ ಇದು ಸಾಕ್ಷಿ.

ಶಾಸನದ ಮಿತಿಯನ್ನೂ ಮರೆಯಬಾರದು. ಅಲ್ಲಿ ಸೇರಿದ್ದವರಲ್ಲಿ ತಿರುಕುಲ, ಜಾಂಬವಕುಲದವರ ಹೆಸರಿದೆ. ಇವರು ಅಂದು ಅಸ್ಪೃಶ್ಯರೆನಿಸಿದ್ದ ಸಮುದಾಯಗಳವರೆಂದು ವಿದ್ವಾಂಸರು ಗುರುತಿಸಿದ್ದಾರೆ. ಒಪ್ಪಂದಕ್ಕೆ ಅವರೂ ಬೇಕಾದರು, ಆದರೆ ಅವರ ಸಮಾನತೆಯ ಬಗ್ಗೆ ಶಾಸನದಲ್ಲಿ ಒಂದು ಮಾತೂ ಇಲ್ಲ. ಹಕ್ಕು ಅರಸನ ಕೃಪೆಯಾಗಿರದೆ ಎಲ್ಲ ಪ್ರಜೆಗಳ ಸ್ವತ್ತಾಗಲು 1950ರ ಸಂವಿಧಾನ ಬರಬೇಕಾಯಿತು.

ಆದ್ದರಿಂದ ಯಾವುದೇ ಚಳವಳಿಯನ್ನು ಓದುವಾಗ ಕೇಳಬೇಕಾದ ಪ್ರಶ್ನೆಗಳು ನಾಲ್ಕು: ಕೇಳಿದವರು ಯಾರು, ಸಿಕ್ಕಿದ್ದೇನು, ಹೊಣೆ ಹೊತ್ತವರು ಯಾರು, ಹೊರಗೆ ಉಳಿದವರು ಯಾರು? ಶ್ರವಣಬೆಳಗೊಳಕ್ಕೆ ಬರುವ ಯಾತ್ರಿಕರು ಬೆಟ್ಟ ಇಳಿದ ಮೇಲೆ ಮಕ್ಕಳಿಗೆ ಈ ಕಲ್ಲನ್ನೂ ತೋರಿಸುವುದು ಒಳ್ಳೆಯದು.